ಸೋದರಮಾವ ಎತ್ತಿದ ಪದ

ಅಮಸಿದ್ದಪ್ಪನ ಗಂಟಲಿನಿಂದ ಹುಣಸೆ ಬೀಜದಷ್ಟು ದೊಡ್ಡ ಗಂಟೊಂದನ್ನು ಬಾಗಲಕೋಟೆಯ ದವಾಖಾನೆಯಲ್ಲಿ ತೆಗೆದುಹಾಕಿ ಒಂಬತ್ತು ತಿಂಗಳಾಗಿತ್ತು. ಡಾಕ್ಟರು ಒಳ್ಳೆಯವರು, ಜೀವ ಉಳಿಸಿದ್ದರು. ಮನೆಗೆ ಕಳಿಸುವಾಗ ಒಂದೇ ಒಂದು ಮಾತು ಹೇಳಿದ್ದರು: "ಮಾತಾಡು, ನಗು, ಬೇಕಾದರ ಹೆಂಡತಿಗಿ ಬೈ. ದನಿ ಮಾತ್ರ ಏರಸಬ್ಯಾಡ."

ಏರಿದ ದನಿಯಲ್ಲೇ ಬದುಕಿದ ಮನುಷ್ಯನಿಗೆ ಇದೆಂಥ ಮಾತು ನೋಡಿ. ಇಳಕಲ್, ಹುನಗುಂದದ ಸುತ್ತ ಡೊಳ್ಳಿನ ಪದ ಅಂದರೆ ಅಮಸಿದ್ದಪ್ಪನೇ ಆಗಬೇಕಿತ್ತು. ಎರಡು ಮೇಳ ಎದುರುಬದುರು ಕೂತು, ಒಂದು ಮೇಳ ಹಾಡಿನಲ್ಲೇ ಪ್ರಶ್ನೆ ಹಾಕುವುದು, ಇನ್ನೊಂದು ಅದೇ ಚಾಲಿನಲ್ಲಿ, ಅಂದರೆ ಅದೇ ಧಾಟಿಯಲ್ಲಿ, ಉತ್ತರ ಕೊಟ್ಟು ತಿರುಗಿ ಪ್ರಶ್ನೆ ಹಾಕುವುದು. ಚಾಲು ಬಿಟ್ಟವರು ಸೋತಂತೆ. ಅಮಸಿದ್ದಪ್ಪ ದನಿ ಎತ್ತಿದನೆಂದರೆ ಹೊಲದಾಚೆ ಎತ್ತು ಬಿಡುತ್ತಿದ್ದವರೂ ನಿಂತು ಕೇಳುತ್ತಿದ್ದರು. ಈಗ ಬಾಯಿ ತೆಗೆದರೆ ಬೀಸುವ ಕಲ್ಲಿಗೆ ಮರಳು ಸಿಕ್ಕಂಥ ಸಪ್ಪಳ. ಅವನ ಕುರಿಗಳಿಗೂ ಆ ದನಿಯ ಗುರುತು ಹತ್ತಲಿಲ್ಲ. ಕರೆದರೆ ತಲೆ ಎತ್ತಿ, ಯಾರೋ ಹಾದಿಹೋಕ ಇರಬೇಕು ಅಂದುಕೊಂಡು, ಮತ್ತೆ ಮೇಯುತ್ತಿದ್ದವು. ಅಂಗಡಿಯವನು "ನೆಗಡಿ ಆಗೇತೇನೋ ಅಮಸಿದ್ದಪ್ಪಾ?" ಅಂತ ಕೇಳಿದ ದಿನದಿಂದ ಅವನು ಅಂಗಡಿಗೆ ಹೆಂಡತಿ ಬೋರವ್ವನನ್ನೇ ಕಳಿಸತೊಡಗಿದ. ಮೆಲ್ಲಮೆಲ್ಲಗೆ ಮಾತೇ ನಿಂತಿತು.

ಅಂಥ ಹೊತ್ತಿನಲ್ಲಿ ಕುಳಗೇರಿ ಕ್ರಾಸಿನಿಂದ ತಂಗಿ ರಂಗವ್ವ ಬಂದಳು. ಅವಳ ಮಗಳು ಮಾಯವ್ವನ ಮದುವೆ ಬಾದಾಮಿ ಕಡೆಯ ಹುಡುಗನ ಜೊತೆ ಗೊತ್ತಾಗಿತ್ತು. ಬೀಗರೂ ಡೊಳ್ಳಿನ ಮನೆತನದವರೇ. ಅಕ್ಕಿಕಾಳು, ಅಂದರೆ ಅಕ್ಷತೆ, ಬಿದ್ದ ಮೇಲೆ ಎರಡೂ ಕಡೆಯ ಮೇಳ ಕೂಡಬೇಕು, ಮೊದಲ ಪದವನ್ನು ಹೆಣ್ಣಿನ ಸೋದರಮಾವ ಎತ್ತಬೇಕು. ಅದು ಎರಡೂ ಮನೆಯ ಹಳೆಯ ಪದ್ಧತಿ.

"ಹುಲ್ಲಪ್ಪ ಎತ್ತತಾನ," ಅಂದ ಅಮಸಿದ್ದಪ್ಪ, ಪಿಸುಮಾತಿನಲ್ಲಿ. "ಅವನೂ ಸೋದರಮಾವನ ಅಲ್ಲ?"

"ಹುಲ್ಲಪ್ಪಗ ಡೊಳ್ಳು ಬಡಿಯಾಕ ಬರತೈತಿ," ಅಂದಳು ರಂಗವ್ವ. "ಅವ ಬಾಯಿ ತಗದ್ರ ಬೀಗರು ಉಣ್ಣಲಾರದ ಎದ್ದ ಹೊಕ್ಕಾರ."

"ಏ ಅಕ್ಕಾ, ನಾ ಇಲ್ಲೇ ಕುಂತೇನಿ," ಅಂದ ತಮ್ಮ ಹುಲ್ಲಪ್ಪ.

"ಇದ್ದರ ಇರು, ಖರೇನ ಹೇಳಾಕತ್ತೀನಿ. ಅಣ್ಣಾ, ನನ್ನ ಮದುವ್ಯಾಗ ನಮ್ಮ ಮಾವ ಜ್ವರದಾಗ ಎದ್ದ ಬಂದು ಪದ ಎತ್ತಿದ್ದ. ಮಾಯವ್ವ ಏನಂದಾಳ ಗೊತ್ತೈತೇನು? ದೊಡ್ಡಮಾವ ಎತ್ತಲಿಲ್ಲಂದ್ರ ಪದಾನ ಬ್ಯಾಡ, ಸುಮ್ಮನ ಉಂಡು ಎದ್ದ ಬಿಡ್ರಿ ಅಂದಾಳ. ಚಿಕ್ಕಂದಿನ್ಯಾಗ ನಿನ್ನ ತೊಡಿ ಮ್ಯಾಲ ಕುಂತು ಪದ ಕಲತಾಕಿ ಅಕಿ."

ಅಮಸಿದ್ದಪ್ಪ ತನ್ನ ಗಂಟಲಿನ ಗಾಯದ ಗುರುತನ್ನು ಬೆರಳಿನಿಂದ ಸವರಿಕೊಂಡ. ಪಿಸುಮಾತು ಬಿಟ್ಟು ಉತ್ತರ ಕೊಡಲು ದನಿ ಬೇಕಲ್ಲ. ಆ ದನಿಯನ್ನು ಅವಳಿಗೆ ಕೇಳಿಸುವ ಮನಸ್ಸು ಅವನಿಗಿರಲಿಲ್ಲ. ಮದುವೆಗೆ ಇನ್ನು ಒಂದು ತಿಂಗಳಿತ್ತು.

ಬೋರವ್ವ ದಿನಾ ರಂಜಾನಬಿಯ ಮನೆಗೆ ಮಗ್ಗದ ನೂಲಿನ ಕಂಡಿಕೆ ಸುತ್ತಲು ಹೋಗುತ್ತಿದ್ದಳು. ರಂಜಾನಬಿ ನೇಕಾರಳು, ನಲವತ್ತರ ಹೆಂಗಸು, ಒಂದೇ ಕೈಮಗ್ಗ, ಒಂದೇ ಕೋಣೆ, ಬಾಯಿ ಮಾತ್ರ ನಾಲ್ಕು ಮಂದಿಗಾಗುವಷ್ಟು. ಮೊಹರಂ ಬಂತೆಂದರೆ ರಿವಾಯತ್ ಪದಗಳನ್ನು ಇಡೀ ಓಣಿಗೆ ಹೇಳಿಕೊಡುವವಳು ಅವಳೇ. ಅವಳ ತಮ್ಮ ಮುಂಬಯಿಯಿಂದ ಹೊರಡುವ ಹಡಗೊಂದರಲ್ಲಿ ಅಡುಗೆಯವನಾಗಿದ್ದ. ಹೋದ ಬಂದರಿನಲ್ಲೆಲ್ಲ ಏನಾದರೊಂದು ಕೊಂಡು ಅಕ್ಕನಿಗೆ ಕಳಿಸುತ್ತಿದ್ದ. ಹಿಂದೊಮ್ಮೆ ಟೇಪ್ ರೆಕಾರ್ಡರ್ ಕಳಿಸಿದ್ದ. ಈ ಸಲ ಒಂದು ಕ್ಯಾಸೆಟ್ ಬಂದಿತ್ತು.

ಮಧ್ಯಾಹ್ನ ಬೋರವ್ವ ಮರೆತು ಹೋಗಿದ್ದ ಬುತ್ತಿ ಕೊಡಲು ಅಮಸಿದ್ದಪ್ಪ ಅಲ್ಲಿಗೆ ಹೋದ. ಬಾಗಿಲಿಗೆ ಬಂದವನು ಬುತ್ತಿ ಹಿಡಿದುಕೊಂಡೇ ನಿಂತುಬಿಟ್ಟ. ಒಳಗೆ ಟೇಪು ಹಾಡುತ್ತಿತ್ತು. ಕೆಳಗೆ ಡೊಳ್ಳಿನಂಥದೇ ಏನೋ, ಒಂದಲ್ಲ, ನಾಲ್ಕೈದು. ನಡುನಡುವೆ ಕಹಳೆ. ಅವುಗಳ ಮೇಲೆ ಒಬ್ಬ ಮನುಷ್ಯ ಮಾತಾಡುತ್ತಿದ್ದ. ಹಾಡುತ್ತಿರಲಿಲ್ಲ, ಮಾತೇ ಆಡುತ್ತಿದ್ದ, ಪ್ರಾಸ ಹಾಕಿಕೊಂಡು, ಬಡಿತಕ್ಕೆ ಸರಿಯಾಗಿ. ಆ ದನಿ ದಪ್ಪ, ಭಾರ, ಒರಟು, ನೆಲದ ಮೇಲೆ ಕಲ್ಲು ಎಳೆದಂತೆ. ಥೇಟ್ ತನ್ನ ದನಿ.

"ಇವ ಯಾರು?" ಅಂದ. ಎಷ್ಟೋ ದಿನಗಳ ಮೇಲೆ ಪರರ ಮನೆಯಲ್ಲಿ ಅವನು ಆಡಿದ ಮೊದಲ ಮಾತು ಅದು. ಬೋರವ್ವನ ಕೈಯ ರಾಟೆ ನಿಂತಿತು.

"ಬರ್ರಿ ಅಣ್ಣಾ, ಕುಂದರ್ರಿ," ಅಂದಳು ರಂಜಾನಬಿ. "ಯಾರೋ ಏನೋ ಯಾರಿಗೊತ್ತು. ದೂರದ ಒಂದು ದೊಡ್ಡ ಬಂದರದಾಗ ಬಡವರ ಓಣಿ ಐತಂತ. ಬ್ಯಾರೆ ಬ್ಯಾರೆ ದೇಶದಿಂದ ಬಂದ ಮಂದಿ ಮೆಟ್ಟಲ ಮ್ಯಾಲ ಕೂಡತಾರಂತ. ಒಬ್ಬ ತನ್ನೂರ ಡೋಲು ತರತಾನ, ಒಬ್ಬ ಕಹಳಿ ತರತಾನ, ಒಬ್ಬ ಸ್ಪ್ಯಾನಿಶ್‌ನ್ಯಾಗ ಅಂತಾನ, ಇನ್ನೊಬ್ಬ ಇಂಗ್ಲಿಷಿನ್ಯಾಗ. ಇವ ಒಂದ ಅಂದ್ರ ಅವ ಎದುರು ಅಂತಾನ. ಹಂಗಂತ ನಮ್ಮ ತಮ್ಮ ಬರದಾನ."

"ಅಂದ್ರ ಸವಾಲು-ಜವಾಬು?"

"ನಿಮ್ಮ ಡೊಳ್ಳಿನ ಪದದಂಗನ."

ಅಮಸಿದ್ದಪ್ಪ ಮಗ್ಗದ ಪಕ್ಕ ಕೂತ. ಕ್ಯಾಸೆಟ್ಟಿನ ಆ ಬದಿ ಮುಗಿಯುವ ತನಕ ಎದ್ದೇಳಲಿಲ್ಲ. ಮುಗಿದ ಮೇಲೆ ಗಂಟಲು ಮುಟ್ಟಿಕೊಂಡು ಹೇಳಿದ: "ಇವಗೂ ಕೊಯ್ದಾರ, ತಂಗಿ. ಪಾಪ, ದನಿ ಏರಸಬ್ಯಾಡ ಅಂದಿರಬೇಕು. ಆದರೂ ಬಿಟ್ಟಿಲ್ಲ ನೋಡು ಮಗ."

"ಇರಬೇಕ್ರಿ," ಅಂದಳು ರಂಜಾನಬಿ. ಅವಳಿಗೂ ಹಾಗೇ ಅನಿಸಿತ್ತು.

ಮರುದಿನವೂ ಬಂದ, ಬೋರವ್ವ ಬುತ್ತಿ ಮರೆತಿರದಿದ್ದರೂ. ಮೂರನೆಯ ದಿನ ಹುಲ್ಲಪ್ಪನನ್ನು ಡೊಳ್ಳಿನ ಸಮೇತ ಎಳೆದು ತಂದ. ಡೊಳ್ಳಿನ ಸಪ್ಪಳ ಕೇಳಿ ಎದುರು ಮನೆಯ ದುರಗಪ್ಪ ಇಣುಕಿದ. ಅವನು ಮದುವೆ ಬ್ಯಾಂಡಿನಲ್ಲಿ ಕಾರ್ನೆಟ್ ಊದುವವನು, ಬಾಯಿಗೆ ಎಲೆಅಡಿಕೆ ಬಿದ್ದರೆ ಮಾತ್ರ ಸುಮ್ಮನಿರುವವನು.

ಟೇಪಿನ ಬಡಿತ ಹಿಡಿಯಲು ಹುಲ್ಲಪ್ಪನಿಗೆ ಎರಡು ದಿನ ಬೇಕಾಯಿತು. ಮೂರು ಬಡಿತ, ಒಂದು ಉಸಿರು, ಎರಡು ಬಡಿತ.

"ಥೂ, ಕುಂಟ ಕುರಿ ನಡದಂಗ ಐತಲ್ಲೋ ಇದು," ಅಂದ.

"ನಿನ್ನ ಕುರಿ ಕುಂಟಿದ್ರೂ ಊರ ಮುಟ್ಟತೈತಿ, ಬಡಿಯೋ ಲೇ," ಅಂದ ದುರಗಪ್ಪ.

ರಂಜಾನಬಿ ಮಗ್ಗದ ಮೂಲೆಯಿಂದ ನೂಲು ಹಾಯಿಸಿ ಸವೆದುಹೋದ ಎರಡು ಲಾಳಿ ತೆಗೆದು ಒಂದಕ್ಕೊಂದು ತಾಗಿಸಿದಳು. ಟಕ್, ಟಕ್, ಟಕ್. ಟಕ್, ಟಕ್. ಹಳೆಯ ಕಟ್ಟಿಗೆಯ ಆ ಗಟ್ಟಿ ನಾದ ಕೇಳಿದ ಕೂಡಲೇ ಹುಲ್ಲಪ್ಪನ ಕೈಗೆ ದಾರಿ ಸಿಕ್ಕಿತು. ಲಾಳಿ ಮುಂದೆ, ಡೊಳ್ಳು ಹಿಂದೆ. ದುರಗಪ್ಪ ಕಹಳೆಯ ತುಣುಕುಗಳನ್ನು ಕಾರ್ನೆಟ್ಟಿಗೆ ಇಳಿಸಿಕೊಂಡ. ಇಳಿಸುವಾಗ ತನ್ನ ಬ್ಯಾಂಡಿನ ಮೆರವಣಿಗೆ ಚಾಲೂ ಅದರೊಳಗೆ ಸೇರಿಕೊಂಡಿತು. ರಂಜಾನಬಿ, ಬೋರವ್ವ ಹಿಮ್ಮೇಳ ಹಿಡಿದರು. ಬೋರವ್ವನಿಗೆ ಬರುವುದು ಬೀಸುವ ಪದದ ಧಾಟಿ, ರಂಜಾನಬಿಗೆ ಬರುವುದು ಮೊಹರಂ ಪದದ ಧಾಟಿ. ಎರಡೂ ಮೊದಲು ಜಗಳಾಡಿದವು, ಆಮೇಲೆ ಒಂದು ಕಡೆ ಹೊಂದಿಕೊಂಡವು.

ಅದರ ಮೇಲೆ ಅಮಸಿದ್ದಪ್ಪ ಮಾತಾಡಿದ, ಟೇಪಿನವನಂತೆ ಪ್ರಾಸ ಹಾಕಿಕೊಂಡು. ಮೊದಲು ಗೋಡೆಯ ಕಡೆ ಮುಖ ಮಾಡಿ. ನಾಲ್ಕು ದಿನ ಕಳೆದ ಮೇಲೆ ಮಗ್ಗದ ಕಡೆ ತಿರುಗಿ. ದನಿ ಏರಿಸುವ ಜರೂರೇ ಇರಲಿಲ್ಲ. ಮಾತನ್ನು ಬಡಿತದ ನಡುವೆ ಇಟ್ಟರೆ ಸಾಕು, ಅದೇ ನಡೆದುಕೊಂಡು ಹೋಗುತ್ತಿತ್ತು. ದಿನಾ ಶುರುವಾಗುವ ಮುಂಚೆ ಒಂದು ಸಲ ಟೇಪಿನವನನ್ನು ಕೇಳುತ್ತಿದ್ದ. "ನಮ್ಮಣ್ಣ ಏನಂತಾನ ನೋಡೂಣು," ಅನ್ನುತ್ತಿದ್ದ. ಮನೆಯಲ್ಲೂ ಮಾತು ಮರಳಿ ಬಂತು. ಬೋರವ್ವನಿಗೆ ಸಾರಿನಲ್ಲಿ ಉಪ್ಪಿಲ್ಲ ಅಂತ ಬೈಸಿಕೊಂಡ ದಿನ ಎಷ್ಟು ಸಂತೋಷವಾಯಿತೆಂದರೆ, ಅದನ್ನು ರಂಜಾನಬಿಗೆ ಹೇಳುವಾಗ ಕಣ್ಣೊರೆಸಿಕೊಂಡಳು.

ಮದುವೆಗೆ ಎರಡು ದಿನ ಮೊದಲು ಅಮಸಿದ್ದಪ್ಪ ಕುಳಗೇರಿ ಕ್ರಾಸಿಗೆ ಹೇಳಿ ಕಳಿಸಿದ: ಮೊದಲ ಪದ ನಾನೇ ಎತ್ತುತ್ತೇನೆ.

ಐವರೂ ಇಳಕಲ್ಲಿನಿಂದ ಬಸ್ಸು ಹತ್ತಿ, ಗುಳೇದಗುಡ್ಡದ ಮೇಲಿಂದ ಬಾದಾಮಿಗೆ ಬಂದು, ಅಲ್ಲಿ ಇನ್ನೊಂದು ಬಸ್ಸು ಹಿಡಿದರು. ಡೊಳ್ಳಿಗೂ ಒಂದು ಸೀಟು ಬೇಕೇನು ಅಂತ ಕಂಡಕ್ಟರು ಕೇಳಿದ. "ನಿಂತ ಬರತೈತ್ರಿ, ವಯಸ್ಸಿನ್ನೂ ಸಣ್ಣದೈತಿ," ಅಂದ ದುರಗಪ್ಪ.

ಕುಳಗೇರಿ ಕ್ರಾಸಿನಲ್ಲಿ ರಂಗವ್ವನ ಮನೆಯ ಮುಂದೆ ಚಪ್ಪರ. ಅಕ್ಕಿಕಾಳು ಬಿದ್ದಾಗಿತ್ತು, ಗೋಧಿ ಹುಗ್ಗಿಯ ಕೊನೆಯ ಪಂಕ್ತಿ ಏಳುತ್ತಿತ್ತು. ಬೀಗರ ಮೇಳದ ಮುಂದಾಳು ಚಂದಪ್ಪ ಆಗಲೇ ಕಂಬಳಿ ಹಾಸಿ ಕೂತಿದ್ದ. ಕೆಂಪು ರುಮಾಲು, ದುಂಡು ಮುಖ, ಬಾದಾಮಿ ಸೀಮೆಯಲ್ಲೆಲ್ಲ ಹೆಸರಾದ ಗಂಟೆಯಂಥ ದನಿ. ಹಿಂದೆ ಮೂರು ಸಲ ಅಮಸಿದ್ದಪ್ಪನೆದುರು ಕೂತು ಎರಡು ಸಲ ಸೋತವನು.

"ಬಂದ್ರಿ ಅಮಸಿದ್ದಣ್ಣಾ," ಅಂತ ಎದ್ದು ಕೈ ಹಿಡಿದುಕೊಂಡ. "ದವಾಖಾನಿ ಸುದ್ದಿ ಕೇಳಿ ಭಾಳ ಕೆಟ್ಟ ಅನಿಸಿತ್ತು."

ಅಷ್ಟರಲ್ಲಿ ಒಂದು ಕೆಲಸ ಕೆಟ್ಟಿತು. ಕ್ಯಾಸೆಟ್ ದುರಗಪ್ಪನ ಕಿಸೆಯಲ್ಲಿತ್ತು. ಶುರುವಾಗುವ ಮೊದಲು ಒಮ್ಮೆ ಕೇಳಿದರೆ ಕೈ ಬಿಸಿಯಾಗುತ್ತದೆ ಅಂತ ಅವನೇ ತಂದಿದ್ದ. ಲೌಡ್‌ಸ್ಪೀಕರಿನವನ ಹತ್ತಿರ ಕರೆಂಟಿಗೆ ಹಚ್ಚುವ ದೊಡ್ಡ ಟೇಪು ಕಂಡದ್ದೇ ತಡ, ಜಂಬಕ್ಕೆ ಕೊಟ್ಟುಬಿಟ್ಟ. "ಹಾಕ್ರಿ, ಮಂದಿ ಕೇಳಲಿ."

"ಬ್ಯಾಡೋ ದುರಗಪ್ಪಾ!" ಅಂತ ರಂಜಾನಬಿ ಹೆಂಗಸರ ನಡುವಿನಿಂದ ಎದ್ದು ಓಡಿ ಬಂದಳು. ತಡವಾಗಿತ್ತು.

ಚಪ್ಪರದ ಮೇಲಿನ ಲೌಡ್‌ಸ್ಪೀಕರಿನಿಂದ ಹಾಡು ಹೊರಬಿತ್ತು. ಡೋಲುಗಳು ಕುದುರೆಯಂತೆ ಓಡಿದವು. ಕಹಳೆ ಕಿರುಚಿತು. ಮಾತಾಡುವವನ ದನಿ ಬಂತು. ಹದಿನೆಂಟು ಇಪ್ಪತ್ತರ ಹುಡುಗ, ಸಣ್ಣ ದನಿ, ಚುರುಕು ದನಿ, ಉಸಿರು ತಗೊಳ್ಳದೆ ಪಟಪಟ ಅಂತ ಹುರಿಗಡಲೆ ಸಿಡಿದಂತೆ ಮಾತು. ಗಂಟಲಿನಲ್ಲಿ ಒಂದು ಗೀರೂ ಇರಲಿಲ್ಲ.

ಹುಲ್ಲಪ್ಪ ಬಾಯಿ ತೆರೆದುಕೊಂಡು ನಿಂತ. "ಇದು ಬ್ಯಾರೆ ಕ್ಯಾಸೆಟ್ ಅಲ್ಲಲೇ?"

"ಅದನ," ಅಂದ ದುರಗಪ್ಪ. ಅವನಿಗೆ ಥಟ್ಟನೆ ತಿಳಿಯಿತು, ಬ್ಯಾಂಡಿನವನಲ್ಲವೇ. "ರಂಜಾನವ್ವನ ಮನ್ಯಾಗ ಕರೆಂಟಿಲ್ಲ. ಸೆಲ್ ಇಳದಿದ್ವು. ಬಿಸಲಿಗಿ ಇಟ್ಟ ಇಟ್ಟ ಅವನ್ನ ಹಾಕತಿದ್ದಳಲ್ಲ, ಟೇಪ್ ತೆವಳತಿತ್ತು, ದನಿ ದಪ್ಪ ಆಗತಿತ್ತು. ಇವರು ಓಡಾಕತ್ತಿದ್ರು, ನಾವು ನಡಿಯೂದು ಕಲತ್ವಿ."

ಅಮಸಿದ್ದಪ್ಪ ಯಾರ ಮುಖವನ್ನೂ ನೋಡಲಿಲ್ಲ. ಚಪ್ಪರದ ಹಿಂದೆ, ಅಡುಗೆ ಒಲೆಗಳ ಪಕ್ಕದ ಬೇವಿನ ಗಿಡದ ಕೆಳಗೆ ಹೋಗಿ ಕೂತ.

ರಂಜಾನಬಿ ಹಿಂದೆಯೇ ಬಂದಳು. ಸ್ವಲ್ಪ ದೂರದಲ್ಲಿ ನಿಂತು, ಸೆರಗು ತಿರುವುತ್ತ, "ನನಗ ಗೊತ್ತಿತ್ರಿ ಅಣ್ಣಾ," ಅಂದಳು.

ಅವನು ತಲೆ ಎತ್ತಿದ.

"ಹದಿನೈದು ದಿನದ ಹಿಂದ ಹೊಸಾ ಸೆಲ್ ತಂದಿದ್ದೆ. ಹಾಕಿ ಕೇಳಿದೆ. ದನಿ ಹುಡುಗಂದಿತ್ತು. ಅವತ್ತ ಸಂಜಿಗಿ ನೀವು ಬಂದ್ರಿ. ನಮ್ಮಣ್ಣ ಏನಂತಾನ ನೋಡೂಣು ಅಂದ್ರಿ. ಹೊಸಾವು ತಗದು ಹಳೇವನ್ನ ಹಾಕಿದೆ. ಬೈಯೂದಿದ್ರ ಬೈರಿ."

"ಮೋಸ ಮಾಡಿದಿ, ತಂಗಿ."

"ಮಾಡೇನ್ರಿ."

ಒಲೆಯ ಮೇಲೆ ಹುಗ್ಗಿಯ ಕೊಪ್ಪರಿಗೆಗೆ ಯಾರೋ ನೀರು ಹಾಕಿದರು, ಚೊಂಯ್ ಅಂತು. ಚಪ್ಪರದಲ್ಲಿ ಆ ಹುಡುಗನ ಹಾಡು ಮುಗಿದಿತ್ತು. "ಸೋದರಮಾವ ಎಲ್ಲಿ? ಹೊತ್ತಾತು," ಅಂತ ಹಿರಿಯರು ಕೂಗುತ್ತಿದ್ದರು.

"ನನ್ನಂಥಾವ ಇನ್ನೊಬ್ಬ ಅದಾನ ಅಂತ ತಿಳದಿದ್ದೆ," ಅಂದ ಅಮಸಿದ್ದಪ್ಪ. "ಸಮುದ್ರದಾಚಿ ಇದ್ದರೂ ಆಗಲಿ, ಅವನೂ ಕಷ್ಟಪಟ್ಟಾನ, ಅವನೂ ಎದ್ದ ನಿಂತಾನ, ಅವನ ಬೆನ್ನ ಹಿಂದ ನಾನೂ ನಿಂದರತೇನಿ ಅಂತ. ಅವ ನೋಡಿದ್ರ ಹುಡುಗ. ಅವಗ ಏನ ಆಗೇತಿ? ಏನೂ ಆಗಿಲ್ಲ."

"ಏನೂ ಆಗಿಲ್ರಿ."

"ಹಂಗಾರ ಈ ದನಿ ಯಾರಿಗೂ ಇಲ್ಲ."

ರಂಜಾನಬಿಗೆ ಅಳು ಬಂದಿತ್ತು, ಆದರೆ ಸುಳ್ಳು ಹೇಳುವುದು ಒಂದು ಸಲಕ್ಕೆ ಸಾಕಾಗಿತ್ತು. "ಯಾರಿಗೂ ಇಲ್ರಿ ಅಣ್ಣಾ. ನಿಮಗೊಬ್ಬರಿಗೆ."

ಅಮಸಿದ್ದಪ್ಪ ಆ ಮಾತನ್ನು ಬಾಯಿಗೆ ಹಾಕಿಕೊಂಡು ಜಗಿದವನಂತೆ ಬಾಯಿ ಆಡಿಸಿದ. ಆಮೇಲೆ ಅವನ ಹೆಗಲು ಅಲುಗಾಡತೊಡಗಿದವು. ಅಳುತ್ತಿದ್ದಾನೆ ಅಂತ ರಂಜಾನಬಿ ಹತ್ತಿರ ಬಂದಳು. ನಗುತ್ತಿದ್ದ.

"ಸೆಲ್ ಇಳದಿದ್ದವಂತ!" ಅಂದ. "ನಾ ಆ ಹುಡುಗಗ ದಿನಾ ಅಣ್ಣಾ ಅಂದೇನಲ್ಲೋ ದೇವರ ಬೀರಪ್ಪಾ." ನೆಲಕ್ಕೆ ಕೈಯೂರಿ ಎದ್ದ. "ನಡಿ, ಲಾಳಿ ತಗೊ. ನಮ್ಮ ನಡಿಗಿ ನಾವ ನಡಿಯೂಣು."

ಚಪ್ಪರದಲ್ಲಿ ರಂಜಾನಬಿ ಲಾಳಿ ತಟ್ಟಿದಳು. ಮೂರು, ಉಸಿರು, ಎರಡು. ಒಬ್ಬರು ನಕ್ಕರು. ಡೊಳ್ಳು ಕೂಡಿತು, ಕಾರ್ನೆಟ್ ಬಂತು, ಬೋರವ್ವ ಸಣ್ಣಗೆ ಧಾಟಿ ಹಿಡಿದಳು. ಇದೆಂಥ ಮೇಳವಪ್ಪಾ ಅಂತ ಉಂಡು ಮಲಗಿದ್ದ ಮುದುಕರೂ ಎದ್ದು ಕೂತರು. ಅಮಸಿದ್ದಪ್ಪ ಮೈಕಿನ ಮುಂದೆ ನಿಂತ. ದನಿ ಏರಿಸಲಿಲ್ಲ.

"ಕೇಳ್ರಿ ಬೀಗರ, ಕುಂತ ಹಿರಿಯರ, ಕೇಳ್ರಿ ಒಂದು ಮಾತ,
ಕುರಿಯ ಉಣ್ಣೆ ಕತ್ತರಸ್ತೇವಿ ಹಿಡಕೊಂಡು ಕೂತ.
ಕತ್ತರಿಸಿದರೂ ಕುರಿಯ ಮೈಗಿ ತಿರಗಿ ಬರತೈತಿ,
ಮಗಳ ಕೊಟ್ಟ ಮನಿ ಅಂಗಳಕ ತಿರಗಿ ಏನ ಬರತೈತಿ?"

ರಂಗವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ಗಂಟೆಯಂಥ ದನಿಯಲ್ಲಿ ಈ ಪ್ರಶ್ನೆ ಬಂದಿದ್ದರೆ ಎಲ್ಲರೂ ದನಿಯನ್ನು ಹೊಗಳುತ್ತಿದ್ದರು. ಈಗ ಹೊಗಳಲು ಏನೂ ಇರಲಿಲ್ಲ, ಕೇಳಿದ್ದಕ್ಕೆ ಉತ್ತರ ಹುಡುಕಬೇಕಿತ್ತು.

ಚಂದಪ್ಪ ಎದ್ದ. ಅಭ್ಯಾಸಬಲದಿಂದ ಕಿವಿಗೆ ಕೈಯಿಟ್ಟು ದನಿ ಮೇಲಕ್ಕೆತ್ತಿದ.

"ಚಾಲು! ಚಾಲು!" ಅಂತ ನಾಲ್ಕೂ ಕಡೆಯಿಂದ ಕೂಗು ಬಂತು. "ಅವರ ಚಾಲಿನ್ಯಾಗ ಬರ್ರಿ ಚಂದಣ್ಣಾ!"

ಚಂದಪ್ಪ ನಿಂತ. ತಿರುಗಿ ಶುರು ಮಾಡಿದ, ಮಾತಿನಂತೆ. ಮೂರನೆಯ ಶಬ್ದಕ್ಕೇ ದನಿ ತಾನಾಗಿ ರಾಗಕ್ಕೆ ಹತ್ತಿತು. ಎಳೆದು ಕೆಳಗಿಳಿಸಿದ, ಮತ್ತೆ ಹತ್ತಿತು. ಚಪ್ಪರವೆಲ್ಲ ನಗು. ಅವನಿಗೂ ನಗು ತಡೆಯಲಿಲ್ಲ. "ಅಮಸಿದ್ದಣ್ಣಾ, ಇದೇನ ಕಲತ ಬಂದ್ರಿ? ಹಾಡೂದಕ್ಕಿಂತ ಇದ ಕಠಿಣ ಐತಲ್ರೀ. ನನ್ನ ಕಡಿಂದ ಯಾರಾದ್ರೂ ಹೇಳ್ರೆಪಾ, ಬೀಗರ ಮಾನ ಉಳಸ್ರಿ!"

ಲಾಳಿ ನಿಲ್ಲಲಿಲ್ಲ, ಡೊಳ್ಳು ಕಾಯುತ್ತಲೇ ಇತ್ತು.

"ನಾ ಹೇಳತೇನಿ."

ಮಾಯವ್ವ. ಬಾಸಿಂಗ ಕಟ್ಟಿದ ತಲೆಯನ್ನು ಇನ್ನೂ ಎತ್ತಿರಲಿಲ್ಲ. ಗಂಡ ತಿರುಗಿ ನೋಡಿದ, ಅತ್ತೆ ಬಗ್ಗಿ ನೋಡಿದಳು.

"ನೀ ಹೆಣ್ಣಿನ ಕಡಿಯಾಕಿ ಅಲ್ಲೇನ?" ಅಂದರು ಒಬ್ಬ ಹಿರಿಯರು.

"ಅಕ್ಕಿಕಾಳು ಬಿದ್ದಾವ್ರಿ ಅಜ್ಜಾ. ಈಗ ನಾ ಬೀಗರ ಮನಿಯಾಕಿ," ಅಂದಳು. ಚಂದಪ್ಪ ಚಪ್ಪಾಳೆ ಹೊಡೆದ. ಮೈಕು ಕೈಯಿಂದ ಕೈಗೆ ದಾಟಿ ಅವಳ ತನಕ ಹೋಯಿತು. ಮೂರು ಬಡಿತ, ಉಸಿರು, ಎರಡು. ಅವಳು ಒಂದು ಸುತ್ತು ಕಾದಳು, ಎರಡನೆಯ ಸುತ್ತಿಗೆ ಬಂದಳು. ಹಾಡಲಿಲ್ಲ. ಮಾತನ್ನು ಬಡಿತದ ನಡುವೆ ಇಟ್ಟಳು, ಅವನು ಇಟ್ಟಂತೆಯೇ.

"ಕತ್ತರಿಸಿದ ಉಣ್ಣೆ ಕುರಿಗಿ ತಿರಗಿ ಹತ್ತೂದಿಲ್ಲ ಮಾವಾ,
ಕಂಬಳಿ ಆಗಿ ಕಾಯತೈತಿ ಮಂದಿ ಮಕ್ಕಳ ಜೀವಾ.
ಹ್ವಾದ ಮಗಳು ಹ್ವಾದ ಮನ್ಯಾಗ ಬೆಚ್ಚಗ ಇರತಾಳ,
ನಿನ್ನ ಕೊಯ್ದ ದನಿ ಯಾರ ಕೊರಳಾಗ ಐತಿ, ನೀ ಹೇಳ."

ಎರಡೂ ಕಡೆಯವರು ಹೋ ಅಂತ ಎದ್ದರು. ಹುಲ್ಲಪ್ಪ ಡೊಳ್ಳು ಬಡಿಯುತ್ತಲೇ ಅಳುತ್ತಿದ್ದ, ಮೂಗು ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ. ಅಮಸಿದ್ದಪ್ಪನಿಗೆ ಎರಡನೆಯ ಪದ ತಯಾರಿತ್ತು, ಮೂರನೆಯದೂ ಇತ್ತು. ಈ ಪ್ರಶ್ನೆಗೆ ಮಾತ್ರ ತಯಾರಿ ಇರಲಿಲ್ಲ.

"ಹೇಳ್ರಿ ಅಮಸಿದ್ದಣ್ಣಾ!" ಅಂದ ಚಂದಪ್ಪ. "ನಮ್ಮ ಸೊಸಿ ಕೇಳಾಕತ್ತಾಳ, ಉತ್ತರ ಕೊಡ್ರಿ!"

ಅವನು ಮೈಕಿನ ಮುಂದೆ ಬಾಯಿ ತೆರೆದ. ಆ ಒರಟು ದನಿ ಹೊರಟು, ಅರ್ಧಕ್ಕೆ ಒಡೆದು, ನಿಂತಿತು. ಯಾರೂ ನಗಲಿಲ್ಲ. ಅವನು ಕೈಯೆತ್ತಿ, ಬಾಸಿಂಗದ ಕೆಳಗಿನ ಆ ಅರಿಶಿನದ ಕೊರಳಿನ ಕಡೆ ಬೆರಳು ತೋರಿಸಿದ.

"ಬೆರಳ ನಡಿಯೂದಿಲ್ಲ ಮಾವಾ," ಅಂದಳು ಮಾಯವ್ವ, ಅಳುತ್ತ ನಗುತ್ತ. "ಚಾಲಿನ್ಯಾಗ ಹೇಳು."

ರಂಜಾನಬಿ ಇನ್ನೊಂದು ಸುತ್ತು ತಟ್ಟಿದಳು. ಅಮಸಿದ್ದಪ್ಪ ಉಸಿರು ತಗೊಂಡ.